ಚೂಪು ಮೂತಿ, ಗುಂಡು ಮೂತಿ

ಕೆಲಸ ಕಳೆದುಕೊಂಡು ಊರಿಗೆ ಬಂದ ಪೈಲಟ್‌ಗೆ ಊರಿನವರು ಕೇಳುವುದು ಒಂದೇ ಪ್ರಶ್ನೆ. ‘ಏನವ್ವ, ಏರೋಪ್ಲೇನು ಬೀಳುಸ್ಬುಟ್ಯಾ?’ ಬಸ್ಸಿಳಿದು ಸೂಟ್‌ಕೇಸು ಎಳೆದುಕೊಂಡು ಬರುವಾಗ ಹಾಲಿನ ಡೇರಿಯ ಹತ್ತಿರ ಕೇಳಿದರು. ಮರುದಿನ ನಾಲೆ ಏರಿಯ ಮೇಲೆ ಕೇಳಿದರು. ಆಮೇಲೆ ಒಂದು ಮದುವೆಯಲ್ಲಿ ಪಾಯಸ ಬಡಿಸುತ್ತಿದ್ದವನೂ ಸೌಟು ಎತ್ತಿಹಿಡಿದುಕೊಂಡೇ ಕೇಳಿದ. ಬೀಳಿಸಿದ್ದರೆ ನಾನು ಅವನ ಪಾಯಸಕ್ಕೆ ಎಲೆ ಮುಂದೆ ಕೂತಿರುತ್ತಿದ್ದೆನೇ ಎಂದು ಯಾರೂ ಯೋಚಿಸಲಿಲ್ಲ. ವಿಮಾನಕ್ಕೆ ಏನೂ ಆಗಿರಲಿಲ್ಲ. ಬಿದ್ದದ್ದು ಕಂಪನಿ.

ಅದೊಂದು ಸಣ್ಣ ಕಂಪನಿ. ಪಂಖದ ವಿಮಾನಗಳನ್ನು ಬಾಡಿಗೆಗೆ ತಂದು ಸಣ್ಣ ಸಣ್ಣ ಊರುಗಳಿಗೆ ಹಾರಿಸುತ್ತಿತ್ತು. ನಾನು ಅದರಲ್ಲಿ ಕೋ-ಪೈಲಟ್. ಬಾಡಿಗೆ ಕಟ್ಟಲಾರದೆ ಹೋದಾಗ ಮಾಲೀಕರ ಕಡೆಯವರು ಬಂದು ವಿಮಾನಗಳನ್ನು ಎತ್ತಿಕೊಂಡು ಹೋದರು. ನಮಗೆ ಬಂದದ್ದು ಮೊಬೈಲಿಗೆ ಒಂದು ಸಂದೇಶ: ಮುಂದಿನ ಸೂಚನೆ ಬರುವವರೆಗೆ ಡ್ಯೂಟಿಗೆ ಬರಬೇಡಿ. ಮುಂದಿನ ಸೂಚನೆ ಇವತ್ತಿನವರೆಗೂ ಬಂದಿಲ್ಲ.

ಹೀಗೆ ನಾನು ಮಂಡ್ಯದ ಕೊತ್ತತ್ತಿಯ ಆಚೆಗಿರುವ ನಮ್ಮೂರಿನ ಮನೆಗೆ, ಅವ್ವನ ಹತ್ತಿರಕ್ಕೆ ಬಂದು ಕೂತೆ. ನನಗೆ ಬೇಕಾಗಿದ್ದದ್ದು ಒಂದೇ, ಮತ್ತೆ ಹಾರುವುದು. ಬೇರೆ ಕೆಲಸ ನನಗೆ ಬರುವುದಿಲ್ಲ ಎಂದಲ್ಲ. ಬೇರೆ ಯಾವ ಕೆಲಸದಲ್ಲೂ ನನಗೆ ಇಷ್ಟು ಖುಷಿ ಆಗಿಲ್ಲ, ಅಷ್ಟೇ. ಬೆಳಗಿನ ಜಾವದ ಮೊದಲ ಹಾರಾಟದಲ್ಲಿ ಮೋಡ ದಾಟಿ ಮೇಲೆ ಬಂದಾಗ ಕಣ್ಣಿಗೆ ಹೊಡೆಯುವ ಬಿಸಿಲು ಇದೆಯಲ್ಲ, ಅದಕ್ಕೆ ನಾನು ಸಂಬಳವಿಲ್ಲದೆಯೂ ಹೋಗುತ್ತಿದ್ದೆ. ಕೊನೆಯ ತಿಂಗಳುಗಳಲ್ಲಿ ಹಾಗೆಯೇ ಹೋದೆ ಕೂಡ.

ಆದರೆ ಹಾರಬೇಕೆಂದರೆ ಪೈಲಟ್ ಲೈಸೆನ್ಸು ಒಂದೇ ಸಾಲದು. ಒಂದೊಂದು ಮಾದರಿಯ ವಿಮಾನಕ್ಕೂ ಬೇರೆ ಬೇರೆಯಾಗಿ ತರಬೇತಿ ಪಡೆದು, ಪರೀಕ್ಷೆ ಪಾಸು ಮಾಡಿ, ಲೈಸೆನ್ಸಿನಲ್ಲಿ ಅದರ ಹೆಸರು ಹಾಕಿಸಬೇಕು. ಅದಕ್ಕೆ ಟೈಪ್ ರೇಟಿಂಗ್ ಅನ್ನುತ್ತಾರೆ. ನನ್ನ ಲೈಸೆನ್ಸಿನಲ್ಲಿ ಇದ್ದದ್ದು ಪಂಖದ ವಿಮಾನದ ಹೆಸರು. ಅದನ್ನು ಹಾರಿಸುವ ಉಳಿದ ಕಂಪನಿಯವರ ಬಾಗಿಲಲ್ಲಿ ಆಗಲೇ ನಮ್ಮಂಥವರ ಸಾಲು ಇತ್ತು. ಇದನ್ನೆಲ್ಲ ಅವ್ವನಿಗೆ ತಿಳಿಸಿ ಹೇಳಲು ಒಂದು ಸಂಜೆ ಪೂರ್ತಿ ಬೇಕಾಯಿತು.

‘ಅಂಗಾರೆ ಇಷ್ಟ್ ವರ್ಸ ನೀನು ಕಲ್ತಿದ್ದು?’

‘ಪಂಖದ ಪ್ಲೇನು ಓಡ್ಸೋಕೆ ಕಣವ್ವ.’

‘ಅದೇ ಇಲ್ವಲ್ಲ ಈಗ.’

‘ಇಲ್ಲ.’

‘ಮತ್ತೆ ಈಗ ನೀನು ಪೈಲೇಟು ಔದೋ ಅಲ್ವೋ?’

ನಾನು ಎದ್ದು ಕೈ ತೊಳೆಯಲು ಹೋದೆ. ಕಂಪನಿಯವರು ಕೇಳಬೇಕಾದ ಪ್ರಶ್ನೆಯನ್ನು ಅವ್ವ ಕೇಳಿದ್ದಳು.

ನನ್ನ ಮುಂದೆ ಇದ್ದದ್ದು ಎರಡು ದಾರಿ, ಎರಡು ಜೆಟ್ ವಿಮಾನ. ಮೊಬೈಲಿನಲ್ಲಿ ಎರಡರ ಫೋಟೋ ತೋರಿಸಿದಾಗ ಅವ್ವ ಕರುಗಳಿಗೆ ಹೆಸರಿಡುವ ಹಾಗೆ ಅವಕ್ಕೂ ಹೆಸರಿಟ್ಟಳು. ಒಂದು ಚೂಪು ಮೂತಿ, ಇನ್ನೊಂದು ಗುಂಡು ಮೂತಿ. ನನಗೂ ಅದೇ ರೂಢಿಯಾಯಿತು. ಚೂಪು ಮೂತಿಯದರಲ್ಲಿ ಪೈಲಟ್‌ನ ಎದುರಿಗೇ ದಪ್ಪ ಹ್ಯಾಂಡಲ್ ಇರುತ್ತದೆ, ಎರಡು ಕೈಯಲ್ಲಿ ಹಿಡಿದು ಎಳೆಯಬಹುದು. ಗುಂಡು ಮೂತಿಯದರಲ್ಲಿ ಎದುರಿಗೆ ಏನೂ ಇಲ್ಲ, ಪಕ್ಕದಲ್ಲೊಂದು ಕಡ್ಡಿ ಮಾತ್ರ. ಗುಂಡು ಮೂತಿ ದೇಶದ ತುಂಬ ಇದೆ. ಅದನ್ನು ಕಲಿತವರೂ ದೇಶದ ತುಂಬ ಇದ್ದಾರೆ, ಅರ್ಧ ಜನ ಮನೆಯಲ್ಲಿ. ಚೂಪು ಮೂತಿ ಕಮ್ಮಿ, ಕಲಿತವರೂ ಕಮ್ಮಿ. ಆದರೆ ಹೊಸ ಕಂಪನಿಯೊಂದು ಅದನ್ನೇ ರಾಶಿಗಟ್ಟಲೆ ತರಿಸುತ್ತದೆಂದು ಸುದ್ದಿ ಇತ್ತು. ಒಂದೇ ಒಂದನ್ನು ಆರಿಸಿಕೊಳ್ಳಬೇಕು. ಒಂದಕ್ಕೇ ಲಕ್ಷಗಟ್ಟಲೆ ಖರ್ಚು, ಎರಡನ್ನೂ ಕಲಿಯುವ ಶಕ್ತಿ ನಮಗಿರಲಿಲ್ಲ. ತಪ್ಪಾದರೆ ವಾಪಸು ಕೊಡುವ ವಸ್ತುವೂ ಅಲ್ಲ.

ಕೇಳಿದವರೆಲ್ಲ ಒಂದೊಂದು ಹೇಳಿದರು. ತರಬೇತಿ ಕೇಂದ್ರದವರು ಯಾವುದು ಮಾಡಿದರೂ ಭವಿಷ್ಯ ಉಜ್ವಲ ಅಂದರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಅಂತಾರಲ್ಲ, ನಮ್ಮ ಕೆಲಸಗಳು ಹೋದ ಆ ಕಾಲದಲ್ಲಿ ಹೊಟ್ಟೆ ತುಂಬ ಉಂಡವರು ಈ ತರಬೇತಿ ಕೇಂದ್ರದವರು. ನನ್ನ ಜೊತೆಗೆ ಕೆಲಸ ಕಳೆದುಕೊಂಡ ಗೆಳತಿಯೊಬ್ಬಳು ಗುಂಡು ಮೂತಿಯೇ ಸರಿ ಅಂದಳು. ನಾನು ತಾರಸಿಯ ಮೇಲೆ ಓಡಾಡುತ್ತಾ ಫೋನಿನಲ್ಲಿ ಅವಳ ಜೊತೆ ವಾದಿಸುತ್ತಿದ್ದೆ. ಎಲ್ಲರೂ ನಿಂತಿರುವ ಸಾಲಿನ ಬಾಲಕ್ಕೆ ಹೋಗಿ ನಿಲ್ಲುವುದಕ್ಕಿಂತ ಚೂಪು ಮೂತಿಯೇ ಮೇಲು, ನಾನು ಅದನ್ನೇ ಮಾಡುವುದು ಎಂದು ಎಷ್ಟೋ ಸಲ ಹೇಳಿದ್ದೆ. ನನ್ನ ದನಿ ಮೊದಲೇ ದೊಡ್ಡದು. ಕೆಳಗೆ ದನ ಕಟ್ಟುತ್ತಿದ್ದವರಿಗೂ ಕೇಳುತ್ತಿತ್ತು.

ಆದರೆ ನನ್ನ ಆಯ್ಕೆಯನ್ನು ಯಾರು ಕೇಳಿದರು? ಖರ್ಚು ಮಾವನದು, ಹಾಗಾಗಿ ಮಾತೂ ಮಾವನದು. ಮಾವ ಎಂದರೆ ಅವ್ವನ ತಮ್ಮ. ಮಳವಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರಿನ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಯಜಮಾನಿಕೆ ಮಳವಳ್ಳಿಯಿಂದಲೇ ನಡೆಯುತ್ತಿತ್ತು. ಗದ್ದೆಗೆ ಯಾವ ಭತ್ತ ಹಾಕಬೇಕು, ಯಾರ ಮದುವೆಗೆ ಎಷ್ಟು ಮುಯ್ಯಿ ಮಾಡಬೇಕು, ಮನೆಗೆ ಯಾವ ಬಣ್ಣ ಬಳಿಯಬೇಕು, ಎಲ್ಲದಕ್ಕೂ ಮಾವನ ಫೋನು ಬರಬೇಕು. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಜಗಳ ಆಡಬಹುದಿತ್ತು. ಪ್ರೀತಿಯಿಂದಲೇ ಎಲ್ಲರ ಬಾಯಿ ಮುಚ್ಚಿಸುತ್ತಿದ್ದ. ಅವ್ವ ಅವನಿಗಿಂತ ದೊಡ್ಡವಳು, ಆದರೂ ಅವನ ಮುಂದೆ ಕೋಲೆ ಬಸವನ ಹಾಗೆ ತಲೆ ಆಡಿಸುವುದನ್ನೇ ನಾನು ಚಿಕ್ಕಂದಿನಿಂದ ನೋಡಿದ್ದೆ.

ಮಾವನ ಅಭಿಪ್ರಾಯ ಗುಂಡು ಮೂತಿಯ ಕಡೆಗಿತ್ತು. ಕಾರಣ ಕೇಳಿದೆ.

‘ನಾವು ಕಾಸಿ ಯಾತ್ರೆಗೆ ಓದಾಗ ಅತ್ತಿದ್ದು ಗುಂಡು ಮೂತಿದೇ ಕಣವ್ವ. ಒಂಚೂರೂ ಅಲ್ಲಾಡ್ನಿಲ್ಲ’ ಅಂದ.

ನಾನು ನಕ್ಕೆ. ನಗಬಾರದಿತ್ತು. ಮಾವನ ಮುಖ ಸಣ್ಣದಾಯಿತು. ‘ಸರಿ, ನಂದೂ ಬ್ಯಾಡ ನಿಂದೂ ಬ್ಯಾಡ’ ಅಂದ. ‘ಬಸಪ್ಪನ್ನೇ ಕೇಳ್ಬುಡನ. ಅವ್ನು ಯಾವ್ದುಕ್ಕೆ ಪಾದ ಮಡುಗ್ತಾನೋ ಅದು. ಆಮೇಕೆ ಯಾರೂ ಪಿಟ್ ಅನ್ನಂಗಿಲ್ಲ.’

ನಮ್ಮ ಜಿಲ್ಲೆಯಲ್ಲಿ ಗುಡಿಗೆ ಬಿಟ್ಟ ದೇವರ ಬಸವನ ಮಾತು ಕೋರ್ಟಿಗಿಂತ ದೊಡ್ಡದು. ಕೋರ್ಟಿನಲ್ಲಾದರೆ ಅಪೀಲು ಇದೆ. ಗುಡಿಗೆ ಪೂಜಾರಿ ಬೇಕೆಂದರೆ ಒದ್ದೆ ಪಂಚೆ ಉಟ್ಟ ಗಂಡಸರು ಸಾಲಾಗಿ ಕೂರುತ್ತಾರೆ, ಬಸವ ಬಂದು ಯಾರನ್ನು ಮುಟ್ಟುತ್ತದೋ ಅವನೇ ಪೂಜಾರಿ. ಅಣ್ಣತಮ್ಮಂದಿರ ಗೋಡೆ ಜಗಳ ಅದು ಬಂದು ನಿಂತ ಜಾಗದಲ್ಲಿ ತೀರುತ್ತದೆ. ಕೇಳಿದ್ದು ನಡೆಯುವುದಾದರೆ ಒಡ್ಡಿದ ಕೈಯಲ್ಲಿ ಬಲಗಾಲಿನ ಪಾದ ಇಡುತ್ತದೆ, ಇಲ್ಲವಾದರೆ ಮುಖ ತಿರುಗಿಸಿಕೊಂಡು ಹೋಗುತ್ತದೆ. ಬೇರೆ ಜಿಲ್ಲೆಯವರು ಪೇಪರಿನಲ್ಲಿ ಓದಿ ನಗುತ್ತಾರೆ. ನಾನೂ ದೂರದ ಊರುಗಳ ಹೋಟೆಲು ಕೋಣೆಗಳಲ್ಲಿ ಕೂತು ಜೊತೆಯವರಿಗೆ ಇದನ್ನು ಹೇಳಿ ನಗಿಸಿದ್ದೆ. ಈಗ ನನ್ನದೇ ಲೈಸೆನ್ಸು ಅದರ ಗೊರಸಿನ ಕೆಳಗೆ ಬಂದಿತ್ತು.

ಮದ್ದೂರು ತಾಲ್ಲೂಕಿನಲ್ಲಿ, ಕೊಕ್ಕರೆ ಬೆಳ್ಳೂರಿನ ಕಡೆಯ ಒಂದು ಹಳ್ಳಿಯ ಗುಡಿಯ ಬಸವನನ್ನು ಮನೆಗೆ ಕರೆಸುವುದೆಂದು ನಿಶ್ಚಯವಾಯಿತು. ಮಾವ ಆ ಗುಡಿಯ ಭಕ್ತ. ಅಲ್ಲಿನ ಪೂಜಾರಿಗೆ ಫೋನು ಮಾಡಿ ವಿಷಯ ಹೇಳಿದನಂತೆ. ಅವರು ಅಂದರಂತೆ, ‘ಬೋರ್‌ವೆಲ್ ಪಾಯಿಂಟು ಕೇಳವ್ರೆ, ಎಣ್ಣು ಗಂಡು ಕೇಳವ್ರೆ, ಎಲೆಕ್ಸನ್ನೂ ಕೇಳವ್ರೆ. ಇಮಾನ ಇದ್ವರ್ಗೂ ಯಾರೂ ಕೇಳಿರ್ನಿಲ್ಲ.’

ಆ ವಾರದಲ್ಲೇ ನನ್ನ ಮನಸ್ಸು ಬದಲಾಯಿತು. ಹಿಂದೆ ನನ್ನ ಜೊತೆ ಹಾರಿದ್ದ ಹಿರಿಯ ಕ್ಯಾಪ್ಟನ್ ಒಬ್ಬರು ಫೋನು ಮಾಡಿದ್ದರು. ಅವರು ಸುಮ್ಮನೆ ಮಾತಾಡುವವರಲ್ಲ. ಚೂಪು ಮೂತಿ ತರಿಸುತ್ತಿರುವ ಆ ಹೊಸ ಕಂಪನಿಯನ್ನು ನಂಬಬೇಡ ಅಂದರು. ವಿಮಾನಗಳು ಹೇಳಿದ ಕಾಲಕ್ಕೆ ಬರುವುದಿಲ್ಲ, ಬಂದರೂ ಅವರು ಆಗಲೇ ಅದನ್ನು ಹಾರಿಸಿ ಅನುಭವ ಇದ್ದವರನ್ನೇ ತೆಗೆದುಕೊಳ್ಳುತ್ತಾರೆ, ನಿನ್ನಂಥ ಹೊಸಬರನ್ನಲ್ಲ. ಗುಂಡು ಮೂತಿಯ ಸಾಲು ಉದ್ದವೇ, ಆದರೆ ಅದು ಮುಂದಕ್ಕೆ ಸರಿಯುವ ಸಾಲು ಅಂದರು. ನಾನು ಎರಡು ದಿನ ಯೋಚಿಸಿದೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಗುಂಡು ಮೂತಿ ಎಂದು ನನ್ನಷ್ಟಕ್ಕೆ ನಿಶ್ಚಯ ಮಾಡಿಕೊಂಡೆ.

ಯಾರಿಗೂ ಹೇಳಲಿಲ್ಲ. ಮಾವನ ಕಾಶಿಯಾತ್ರೆಯನ್ನು ಕೇಳಿ ನಕ್ಕವಳು ಈಗ ‘ನೀನು ಹೇಳಿದ್ದೇ ಸರಿ ಮಾವ’ ಎಂದು ಹೋಗಿ ನಿಲ್ಲುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಅದರ ಅಗತ್ಯವೂ ಕಾಣಲಿಲ್ಲ. ಮಾವನಿಗೆ ಬೇಕಾದ್ದು ಗುಂಡು ಮೂತಿ. ಪೂಜಾರಿ ಮಾವನಿಗೆ ಬೇಕಾದವರು. ಹಗ್ಗ ಪೂಜಾರಿಯ ಕೈಯಲ್ಲಿ. ಬಸವಪ್ಪ ಎಲ್ಲಿಗೆ ಹೋಗಿ ಪಾದ ಇಡುತ್ತಾನೆಂದು ನನಗೆ ಲೆಕ್ಕ ಸಿಕ್ಕಿತ್ತು. ದೇವರನ್ನು ನಂಬದ ನಾನು ಮನುಷ್ಯರ ವಶೀಲಿಯನ್ನು ಪೂರ್ತಿ ನಂಬಿದ್ದೆ.

ಬಸವಪ್ಪ ಗೂಡ್ಸ್ ಟೆಂಪೋದಲ್ಲಿ ಬಂದ. ಬೆಳ್ಳಗೆ, ಎತ್ತರಕ್ಕೆ, ಕೊಂಬಿಗೆ ಹಿತ್ತಾಳೆಯ ಕಳಸ, ಬೆನ್ನಿಗೆ ಜರಿಯ ಬಟ್ಟೆ. ನೋಡಲು ನಿಜಕ್ಕೂ ಚೆನ್ನಾಗಿದ್ದ. ಅವನು ಬಾಗಿಲಿಗೆ ಬಂದಾಗ ಕೈ ಮುಗಿಯಬಾರದೆಂದು ನಾನು ಅಂದುಕೊಂಡಿದ್ದೆ, ಮುಗಿದೆ. ನಮ್ಮ ಮನೆಗೆ ಹೊಸದಾಗಿ ಟೈಲ್ಸು ಹಾಕಿಸಿತ್ತು. ಬಸವಪ್ಪ ಜಾರಬಾರದೆಂದು ಬಾಗಿಲಿನಿಂದ ನಡುಮನೆಯವರೆಗೂ ಗೋಣಿಚೀಲ ಹಾಸಿದ್ದರು. ಅವ್ವ ತಂಬಿಗೆಯಲ್ಲಿ ನೀರು ತಂದು ಕಾಲು ತೊಳೆದು, ಅರಿಸಿನ ಕುಂಕುಮ ಇಟ್ಟಳು. ಎರಡು ಮಣೆ, ಒಂದೊಂದರ ಮೇಲೂ ಎಲೆ ಅಡಿಕೆ, ಒಂದೊಂದು ವಿಮಾನದ ಚಿತ್ರ. ಮಾವ ಅದನ್ನು ಮಳವಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟು ತೆಗೆಸಿದ್ದ. ಮಣೆಗಳನ್ನು ತೊಳೆದು ಇಟ್ಟವಳು ಅವ್ವ. ನಾನು ತಲೆಗೆ ಸ್ನಾನ ಮಾಡಿ ಎರಡರ ನಡುವೆ ಕೂತೆ.

‘ಅಪ್ಪ, ಮಗೀಗೆ ದಾರಿ ತೋರ್ಸು’ ಎಂದು ಪೂಜಾರಿ ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟು ಹಿಂದಕ್ಕೆ ಸರಿದು ನಿಂತರು.

ಸಡಿಲ ಬಿಟ್ಟದ್ದು ನೋಡಿ ನನ್ನ ಲೆಕ್ಕ ತಪ್ಪಿತು ಅನ್ನಿಸಿತು. ಮನುಷ್ಯ ಪ್ರಾಮಾಣಿಕನಾಗಿದ್ದ. ಬಸವಪ್ಪ ಗುಂಡು ಮೂತಿಯ ಹತ್ತಿರ ಹೋಗಿ ಉಸಿರು ಬಿಟ್ಟ. ಚಿತ್ರ ಅಲುಗಾಡಿತು. ಮಾವ ಕೈ ಮುಗಿದು ಒಂದು ಹೆಜ್ಜೆ ಮುಂದೆ ಬಂದ. ಬಸವಪ್ಪ ತಲೆ ತಿರುಗಿಸಿದ, ನೇರವಾಗಿ ಚೂಪು ಮೂತಿಯ ಮಣೆಗೆ ಬಂದು ಅದನ್ನು ನೆಕ್ಕಲು ಶುರು ಮಾಡಿದ. ಎಲೆ ಅಡಿಕೆ ಹೋಯಿತು. ವಿಮಾನದ ಎಡ ರೆಕ್ಕೆಯೂ ಅವನ ಬಾಯಿಗೆ ಹೋಯಿತು. ಆಮೇಲೆ ಬಲಗಾಲು ಎತ್ತಿ ಮಿಕ್ಕದ್ದರ ಮೇಲೆ ಇಟ್ಟ.

ಹೆಂಗಸರು ಕಣ್ಣಿಗೆ ಸೆರಗು ಒತ್ತಿಕೊಂಡರು. ದೇವರು ನೈವೇದ್ಯವನ್ನೇ ಸ್ವೀಕಾರ ಮಾಡಿಬಿಟ್ಟ ಎಂದು ಯಾರೋ ಅಂದರು. ಅವ್ವನ ಮುಖ ನೋಡಿದೆ. ಅಪ್ಪ ತೀರಿಕೊಂಡ ಮೇಲೆ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಮಾವ ಟೈಲ್ಸಿನ ಮೇಲೆ ಅಡ್ಡಬಿದ್ದು ಎದ್ದ. ‘ನಂದೇ ತೆಪ್ಪು ಕಣವ್ವ. ನೀನೇ ಗೆದ್ದೆ’ ಅಂದ. ನಾನು ಮಣೆಯ ಮೇಲೆ ಉಳಿದ ಅರ್ಧ ವಿಮಾನವನ್ನೇ ನೋಡುತ್ತಾ ಕೂತಿದ್ದೆ. ಎಲ್ಲರೂ ಅದನ್ನು ಭಕ್ತಿ ಅಂದುಕೊಂಡರು.

ಮರುದಿನವೇ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ಅಂಗಡಿಯಲ್ಲಿ ಮಾವ ಒಬ್ಬನೇ ಇದ್ದ. ಮೋಟಾರುಗಳ ನಡುವೆ ಸ್ಟೂಲು ಎಳೆದುಕೊಂಡು ಕೂತು, ಹೇಗೆ ಶುರು ಮಾಡುವುದೆಂದು ತಿಳಿಯದೆ, ‘ಮಾವ, ವಿಚಾರ ಮಾಡಿದ್ರೆ ಗುಂಡು ಮೂತಿದೇ ವಾಸಿ ಅನ್ಸುತ್ತೆ. ನೀನು ಅಂದಿದ್ದೇ ಸರಿ’ ಅಂದೆ. ಆ ಮಾತು ಆಡುವಾಗ ನನಗೆ ಆದದ್ದು ನನಗೇ ಗೊತ್ತು.

ಮಾವನ ಕಣ್ಣು ತುಂಬಿ ಬಂತು. ‘ನನ್ ಮನ್ಸಿಗೆ ಬ್ಯಾಸ್ರ ಆಯ್ತದೆ ಅಂತ ಅಂಗಂತಿದ್ದೀಯ. ನಂಗೊತ್ತಿಲ್ವಾ’ ಅಂದ. ‘ಬಸಪ್ಪ ಏಳ್ದ ಮೇಕೆ ನಂದೇನದೆ. ನೀನು ಚಿಂತೆ ಬುಡು.’

‘ಅಂಗಲ್ಲ ಮಾವ. ನಿಜ್ವಾಗ್ಲೂ ಅದೇ ಒಳ್ಳೇದು. ಕೆಲಸ ಸಿಗೋದು ಅದ್ರಲ್ಲೇ.’

ಮಾವ ಸ್ಟೂಲಿನಿಂದ ಎದ್ದು ನಿಂತ. ದನಿ ಬೇರೆಯಾಯಿತು. ‘ನೋಡವ್ವ, ಪಾದ ಕೊಟ್ಟದ್ನ ಮೀರುದ್ರೆ ನಮ್ ವಂಸಕ್ಕೇ ಒಳ್ಳೇದಲ್ಲ. ಗುಂಡು ಮೂತಿಗೆ ನನ್ ಕೈಯಿಂದ ಬಿಡಿಗಾಸು ಬರಕಿಲ್ಲ. ಇನ್ನೊಂದ್ಸಲ ಆ ಮಾತ ಆಡ್ಬ್ಯಾಡ. ಅಕ್ಕಯ್ಯನ್ ತಾವಂತೂ ಆಡ್ಲೇಬ್ಯಾಡ, ನೊಂದ್ಕತಾಳೆ.’ ಆಮೇಲೆ ಎಳನೀರು ತರಿಸಿ ಕುಡಿಸಿ, ತಾನೇ ಬಸ್ಸಿನವರೆಗೆ ಬಂದು ಸೀಟು ಹಿಡಿದುಕೊಟ್ಟ. ತನ್ನದೇ ಅಭಿಪ್ರಾಯವನ್ನು ನಾನು ಒಪ್ಪಿಕೊಂಡರೂ ಅದು ಅವನಿಗೆ ಬೇಡವಾಗಿತ್ತು. ಮಂಡ್ಯ ತಲುಪುವವರೆಗೂ ನಾನು ಕಿಟಕಿಯ ಕಡೆ ತಿರುಗಿ ಅಳುತ್ತಿದ್ದೆ, ಸಿಟ್ಟಿಗೆ.

ಚೂಪು ಮೂತಿ ಕಲಿತೆ. ದೆಹಲಿಯ ಹತ್ತಿರ ತರಬೇತಿ. ಸುಳ್ಳು ಹೇಳಬಾರದು, ಸಿಮ್ಯುಲೇಟರಿನಲ್ಲಿ ಕೂತು ಆ ದಪ್ಪ ಹ್ಯಾಂಡಲ್ ಹಿಡಿದಾಗ ಎಲ್ಲ ಸಿಟ್ಟೂ ಮರೆತುಹೋಗುತ್ತಿತ್ತು. ಒಂದು ಎಂಜಿನ್ ಕೆಡಿಸಿ ಕೊಟ್ಟರು, ಇಳಿಸಿದೆ. ಎರಡೂ ಕೆಡಿಸಿ ಕೊಟ್ಟರು, ಇಳಿಸಿದೆ. ಪರೀಕ್ಷೆ ಮಾಡಿದವರು ಕೈ ಕುಲುಕಿ, ನಿಮ್ಮ ಕೈ ಚೆನ್ನಾಗಿದೆ ಅಂದರು. ಆ ಮಾತನ್ನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ಬೇರೆ ನೆನೆಸಿಕೊಳ್ಳಲು ಏನಿದೆ?

ಊರಿಗೆ ಬಂದು ಕಾದೆ. ಹೊಸ ಕಂಪನಿ ಕೊನೆಗೊಂದು ಜಾಹೀರಾತು ಕೊಟ್ಟಿತು: ಈ ಮಾದರಿಯ ವಿಮಾನವನ್ನು ಹಾರಿಸಿದ ಅನುಭವ ಇರುವವರು ಮಾತ್ರ ಅರ್ಜಿ ಹಾಕಿ. ಹಾರಿಸದೆ ಅನುಭವ ಬರುವುದಿಲ್ಲ, ಅನುಭವ ಇಲ್ಲದೆ ಹಾರಿಸಲು ಕೊಡುವುದಿಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಆಮೇಲೆ ಅವರ ವಿಮಾನಗಳೇ ತಡವಾದವು. ಆಮೇಲೆ ಅವರ ಸದ್ದೇ ಇಲ್ಲ. ಗುಂಡು ಮೂತಿ ಕಲಿತ ನನ್ನ ಗೆಳತಿಗೆ ದೊಡ್ಡ ಕಂಪನಿಯೊಂದರಿಂದ ಕರೆ ಬಂತು. ಯೂನಿಫಾರ್ಮ್ ಹಾಕಿಕೊಂಡ ಫೋಟೋ ಕಳಿಸಿದಳು. ತುಂಬ ಖುಷಿಯಾಯಿತು ಎಂದು ಬರೆದು ಕಳಿಸಿ, ಮೊಬೈಲನ್ನು ಹಾಸಿಗೆಯ ಮೇಲೆ ಎಸೆದೆ. ಖುಷಿಯಾಗಿರಲಿಲ್ಲ. ಹೊಟ್ಟೆ ಉರಿದಿತ್ತು.

ಈಗ ನಾನು ಮಂಡ್ಯದಲ್ಲಿ ಪಾಠ ಹೇಳುತ್ತೇನೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಗಗನಸಖಿಯರಾಗಬೇಕೆಂದು ಬರುವ ಹುಡುಗಿಯರಿಗೆ ತರಬೇತಿ. ಹೇಗೆ ನಿಲ್ಲಬೇಕು, ಹೇಗೆ ನಗಬೇಕು, ಸಿಟ್ಟು ಬಂದಾಗಲೂ ಹೇಗೆ ನಗುತ್ತಲೇ ಇರಬೇಕು. ಕೆಳಗಿನಿಂದ ಕಬ್ಬಿಣ ಕತ್ತರಿಸುವ ಸದ್ದು ಬರುತ್ತದೆ. ಹುಡುಗಿಯರು ನನ್ನನ್ನು ಕ್ಯಾಪ್ಟನ್ ಮೇಡಂ ಅನ್ನುತ್ತಾರೆ. ನಾನು ಕ್ಯಾಪ್ಟನ್ ಅಲ್ಲ, ಆಗಿರಲೂ ಇಲ್ಲ. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ.

ಹೋದ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಮಾವ, ಅತ್ತೆ ಇಬ್ಬರೂ ಊಟಕ್ಕೆ ಬಂದಿದ್ದರು. ಮುದ್ದೆ ಮುರಿಯುವಾಗಲೇ ನನ್ನ ಕೆಲಸದ ಮಾತು ಬಂತು. ಬಸವಪ್ಪ ಹೇಳಿದ್ದು ಸುಳ್ಳಾಗುವುದಿಲ್ಲ, ಆದರೂ ನನಗೆ ಕೆಲಸ ಸಿಗಲಿಲ್ಲ. ಮಾವನಿಗೆ ಇದು ಬಿಡಿಸಲಾಗದ ಕಗ್ಗಂಟಾಗಿತ್ತು. ತಿಂಗಳುಗಟ್ಟಲೆ ಯೋಚಿಸಿ ಒಂದು ಉತ್ತರ ಹುಡುಕಿಕೊಂಡಿದ್ದ. ಅದನ್ನು ತಾನು ಕೇಳದೆ ಅತ್ತೆಯ ಕಡೆಗೆ ನೋಡಿದ. ಅತ್ತೆ ತಟ್ಟೆ ನೋಡಿಕೊಂಡೇ ಕೇಳಿದಳು. ‘ಬ್ಯಾಜಾರ್ ಮಾಡ್ಕಬ್ಯಾಡ ಕಣಮ್ಮ. ಬಸಪ್ಪ ಬಂದಿದ್ ದಿನ ನೀನು ಒರ್ಗಾಗಿದ್ಯಾ?’

ಮುಟ್ಟಾಗಿದ್ದೆಯಾ ಎಂದು. ಮುಟ್ಟಾದವಳು ದೇವರ ಬಸವನ ಮುಂದೆ ಕೂತು ಮೈಲಿಗೆ ಮಾಡಿದ್ದರಿಂದ ಕೆಲಸ ಸಿಗಲಿಲ್ಲ ಎಂದು. ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಹಾಕಿದೆ. ‘ಮಾವ, ಇದ್ನ ನೀನೇ ಬಾಯ್ಬಿಟ್ಟು ಕೇಳು. ಅತ್ತೆ ಕೈಲಿ ಯಾಕೆ ಕೇಳಿಸ್ತೀಯ?’ ಅಂದೆ. ಮುಂದೆ ಇನ್ನೂ ಬಹಳ ಹೇಳುವುದಿತ್ತು. ದೇಶದ ಕಂಪನಿಗಳು ಮುಳುಗುವುದು ನನ್ನ ಮುಟ್ಟಿನಿಂದಲಾ ಎಂದು ಕೇಳುವುದಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವ್ವ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು.

‘ಮಗೀನ್ ಮ್ಯಾಲೆ ಯಾಕೆ ಆಕ್ತಿದ್ದೀರ’ ಅಂದಳು. ‘ಅವ್ಳೇನೂ ಮಾಡ್ನಿಲ್ಲ. ಮಾಡ್ದೋಳು ನಾನು.’

‘ಏನ್ ಮಾಡ್ದೆ ಅಕ್ಕಯ್ಯ?’

‘ಚೂಪು ಮೂತಿ ಮಡುಗಿದ್ ಮಣೆಗೆ ಬೆಲ್ಲ ತಿಕ್ಕಿದ್ದೆ. ಬಸಪ್ಪ ಅದ್ನ ನೆಕ್ಕೋಕ್ ಬಂದಿದ್ದು.’

ಮಾವ ಅರ್ಧ ಊಟದಲ್ಲೇ ಎದ್ದು ಕೈ ತೊಳೆದ. ‘ದ್ಯಾವ್ರಿಗೇ ಮೋಸ ಮಾಡ್ಬುಟ್ಟಲ್ಲ ಅಕ್ಕಯ್ಯ. ನೀನು ಇಂತೋಳು ಅಂತ ನಾನು ತಿಳ್ದಿರ್ನಿಲ್ಲ’ ಅಂದ. ದನಿ ಏರಿಸಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿ ಕಾರು ತಿರುಗಿಸಿದ. ಅತ್ತೆ ಅವನ ಹಿಂದೆಯೇ ಹೋದಳು. ಅವತ್ತಿನಿಂದ ಮಳವಳ್ಳಿಯ ಫೋನು ನಮ್ಮ ಮನೆಗೆ ಬಂದಿಲ್ಲ.

ಅವ್ವ ತಟ್ಟೆಗಳನ್ನು ಎತ್ತಿ, ನೆಲ ಒರೆಸಿ, ಸಂಜೆಗೆಂದು ಇಟ್ಟಿದ್ದ ಅವರೆಕಾಯಿಯನ್ನು ಮೊರಕ್ಕೆ ಸುರಿದುಕೊಂಡು ಸುಲಿಯಲು ಕೂತಳು. ನಾನು ಎದುರಿಗೆ ಕೂತೆ. ಅಷ್ಟು ದಿನ ನಾನು ಎಷ್ಟು ಜನರನ್ನು ಬೈದಿದ್ದೆ. ಮಾವನನ್ನು ಬೈದಿದ್ದೆ, ಕಂಪನಿಗಳನ್ನು ಬೈದಿದ್ದೆ, ಏನೂ ಅರಿಯದ ಒಂದು ಎತ್ತನ್ನು ಮನಸ್ಸಿನಲ್ಲಿ ದಿನವೂ ಬೈದಿದ್ದೆ. ಇವಳನ್ನು ಮಾತ್ರ ಬೈದಿರಲಿಲ್ಲ.

‘ಯಾಕವ್ವ ಅಂಗ್ ಮಾಡ್ದೆ?’ ಅಂದೆ.

‘ಇನ್ನೇನ್ ಮಾಡ್ಲಿ. ನೀನು ತಾರಸಿ ಮ್ಯಾಲೆ ದಿನಾ ಫೋನ್‌ನಲ್ಲಿ ಅಂತಿದ್ದಲ್ಲ, ಚೂಪು ಮೂತಿದೇ ಮಾಡೋದು ಅಂತ. ನಿಮ್ ಮಾವ ಗುಂಡು ಮೂತಿ ಅಂತ ಕುಂತಿದ್ದ. ನಿನ್ ಮಾತ ಅವ್ನು ಕೇಳ್ತಿದ್ನಾ? ನನ್ ಮಾತ್ನೇ ಇದ್ವರ್ಗೂ ಒಂದ್ ದಿನ ಕೇಳ್ನಿಲ್ಲ. ಅದ್ಕೇ ಬಸಪ್ಪನ್ ಕೈಲಿ ಏಳುಸ್ದೆ.’

ನೀರು ಕುಡಿಯಲೂ ದೇವರ ಅಪ್ಪಣೆ ಕೇಳುವ ಹೆಂಗಸು ಇವಳು. ಒಂದು ಸೋಮವಾರ ಬಿಟ್ಟವಳಲ್ಲ. ಬಸವಪ್ಪನ ಪಾದ ತೊಳೆದ ಅದೇ ಕೈಯಲ್ಲಿ ಮಣೆಗೆ ಬೆಲ್ಲ ತಿಕ್ಕಿದ್ದಳು, ನನ್ನ ಮಾತು ನಡೆಯಲಿ ಎಂದು. ನನ್ನ ಮಾತು ಅಷ್ಟರಲ್ಲಿ ಬೇರೆಯಾಗಿತ್ತು. ಇವಳು ಸುಮ್ಮನಿದ್ದಿದ್ದರೆ ಬಸವಪ್ಪ ಎತ್ತ ಹೋಗುತ್ತಿದ್ದನೋ ಯಾರಿಗೆ ಗೊತ್ತು. ಗುಂಡು ಮೂತಿಯ ಹತ್ತಿರ ಮೊದಲು ನಿಂತಿದ್ದಂತೂ ನಾನೇ ನೋಡಿದ್ದೆ. ‘ಅವ್ವ, ನಂಗೆ ಬೇಕಾಗಿದ್ದು ಗುಂಡು ಮೂತಿ’ ಎನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿ ಇವಳ ಮುಖದ ಮೇಲೆ ಎಸೆಯಬೇಕೆಂದು ನನಗೆ ನಿಜವಾಗಿಯೂ ಅನ್ನಿಸಿತು.

ಅವ್ವ ಸುಲಿದ ಕಾಳನ್ನು ಮೊರದ ಒಂದು ಕಡೆಗೆ ಸರಿಸಿದಳು. ತಲೆ ಎತ್ತಲಿಲ್ಲ.

‘ನಿಂಗೆ ಕೆಲ್ಸ ಸಿಗ್ನಿಲ್ಲ, ಅದು ನನ್ ಪಾಪ. ದ್ಯಾವ್ರು ನಂಗೆ ಏನಾರ ಮಾಡ್ಲಿ, ತಡ್ಕತೀನಿ’ ಅಂದಳು. ‘ನಿಂಗೆ ಅದೇ ತಾನೇ ಮಗ ಬೇಕಾಗಿದ್ದಿದ್ದು?’

‘ಊಂ ಕಣವ್ವ’ ಅಂದೆ. ‘ನಂಗೆ ಅದೇ ಬೇಕಾಗಿತ್ತು.’